ಬೇಲಿಯ ಶಾಕ್‌ಗೆ ಬೆದರಿದ ಕುದುರೆ: ಮೇವು, ಹಗ್ಗ, ರಗ್ಗು ಎಲ್ಲಿರಬೇಕು?

ಪ್ರಶ್ನೆ: ಕನಕಪುರದ ಸಮೀಪದ ನಮ್ಮ ಮೂರು ಎಕರೆ ತೋಟದಲ್ಲಿ ರೇಸ್‌ನಿಂದ ನಿವೃತ್ತವಾದ ಎರಡು ಕುದುರೆಗಳನ್ನು ಸಾಕಿದ್ದೇವೆ. ಕಾಡುಹಂದಿಯ ಕಾಟಕ್ಕೆಂದು ಹಾಕಿಸಿದ್ದ ಸೋಲಾರ್ ತಂತಿಬೇಲಿಯೇ ಅವುಗಳಿಗೂ ಬೇಲಿ. ಕಳೆದ ತಿಂಗಳು, ಮಳೆ ಬಿದ್ದ ಒಂದು ಸಂಜೆ, ಗೇಟಿನ ಬಳಿ ಹುರುಳಿ ಇಟ್ಟು ಹೆಣ್ಣುಕುದುರೆಗೆ ರಗ್ಗು ಹೊದಿಸುತ್ತಿದ್ದಾಗ ಅದಕ್ಕೆ ಶಾಕ್ ಹೊಡೆಯಿತು. ಅಂದಿನಿಂದ ಅದು ಗೇಟಿನ ಹತ್ತಿರ ಸುಳಿಯುವುದಿಲ್ಲ, ರಗ್ಗು ಕಂಡರೆ ಹಿಂದೆ ಸರಿಯುತ್ತದೆ. ಏನು ಮಾಡಬೇಕು?

ಉತ್ತರ: ಶಾಕ್ ತಗಲಿದ ಕ್ಷಣದಲ್ಲಿ ನಿಮ್ಮ ಕುದುರೆಯ ಮುಂದೆ ಹುರುಳಿಯ ಬಕೆಟ್ ಇತ್ತು, ಬೆನ್ನ ಮೇಲೆ ರಗ್ಗು ಇತ್ತು, ಪಕ್ಕದಲ್ಲಿ ಮನುಷ್ಯರಿದ್ದರು. ನೋವು ತಂತಿಯಿಂದ ಬಂತೆಂದು ಅದಕ್ಕೆ ಹೇಗೆ ತಿಳಿಯಬೇಕು? ಆ ಹೊತ್ತಿನಲ್ಲಿ ಸುತ್ತ ಇದ್ದುದನ್ನೆಲ್ಲ ಅದು ನೋವಿನೊಂದಿಗೆ ಗಂಟುಹಾಕಿಕೊಂಡಿದೆ. ಆದ್ದರಿಂದ ಮೇವು ಹಾಕುವುದು, ಹಿಡಿಯುವುದು, ಹೊದಿಸುವುದು, ಈ ಮೂರೂ ಕೆಲಸಗಳು ಇಂದಿನಿಂದಲೇ ಬೇಲಿಯಿಂದ ದೂರಕ್ಕೆ ಹೋಗಬೇಕು.

ಮೇವಿಗೆ ಕಾಯುವ ಕುದುರೆ ತಾಳ್ಮೆಗೆಟ್ಟು ಮುಂಗಾಲಿನಿಂದ ನೆಲ ಕೆರೆಯುವುದನ್ನು ನೀವು ದಿನವೂ ನೋಡುತ್ತೀರಿ. ಹಂದಿಗೆಂದು ಹಾಕಿದ ಬೇಲಿಯ ಕೆಳತಂತಿ ಸಾಮಾನ್ಯವಾಗಿ ನೆಲದಿಂದ ಒಂದು ಗೇಣಷ್ಟೇ ಮೇಲಿರುತ್ತದೆ. ಕೆರೆಯುವ ಕಾಲು ಆ ತಂತಿಗೆ ತಾಗಿದರೆ, ಕಬ್ಬಿಣದ ಲಾಳ ಹೊಡೆದ ಉಳಿದ ಕಾಲುಗಳ ಮೂಲಕ ವಿದ್ಯುತ್ತು ಒದ್ದೆ ನೆಲಕ್ಕೆ ಸಲೀಸಾಗಿ ಹರಿಯುತ್ತದೆ. ಸರಿಯಾದ ಎನರ್ಜೈಸರ್ (ಬೇಲಿಗೆ ವಿದ್ಯುತ್ ಕೊಡುವ ಯಂತ್ರ) ಸುಮಾರು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತಲೂ ಎಷ್ಟೋ ಕಡಿಮೆ ಅವಧಿಗೆ, ಸಾವಿರಾರು ವೋಲ್ಟ್‌ಗಳ ಮಿಡಿತವನ್ನು ಕಳುಹಿಸುತ್ತದೆ. ಅದು ನೋಯಿಸುತ್ತದೆಯೇ ಹೊರತು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಗಂಭೀರ ಗಾಯಗಳಾಗುವುದು ಬೆದರಿದ ಕುದುರೆ ಸಣ್ಣ ತಂತಿಯಲ್ಲಿ ಕಾಲು ಸಿಕ್ಕಿಸಿಕೊಂಡು ಎಳೆದಾಡಿದಾಗ. ಹಾಗೇನಾದರೂ ಆದರೆ ಮೊದಲು ಯಂತ್ರವನ್ನು ಆರಿಸಿ, ಆಮೇಲೆ ಕುದುರೆಯ ಹತ್ತಿರ ಹೋಗಿ. (ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಕಾನೂನುಬಾಹಿರ, ಮನುಷ್ಯರಿಗೂ ಪ್ರಾಣಿಗಳಿಗೂ ಮಾರಕ. ಯಾರು ಸಲಹೆ ಕೊಟ್ಟರೂ ಅದನ್ನು ಮಾಡಬೇಡಿ.)

ಹಂದಿಬೇಲಿ ಹೊರಗೆ ಹಾಗೆಯೇ ಇರಲಿ. ಅದರಿಂದ ಒಂದೆರಡು ಮೀಟರ್ ಒಳಗೆ, ಕುದುರೆಯ ಕಣ್ಣಿಗೆ ಎದ್ದು ಕಾಣುವ 40 ಮಿಲಿಮೀಟರ್ ಅಗಲದ ಬಿಳಿ ವಿದ್ಯುತ್ ಪಟ್ಟಿಯನ್ನು ಎರಡು ಸಾಲು ಕಟ್ಟಿಸಿ. ಮೇಲಿನದು ಕುದುರೆಯ ಎದೆಗಿಂತ ಎತ್ತರದಲ್ಲಿ, ಕೆಳಗಿನದು ಅದರ ಮೊಣಕಾಲಿಗಿಂತ ಮೇಲೆ ಇರಲಿ. ಮುಳ್ಳುತಂತಿಗೆ ಎಂದೂ ವಿದ್ಯುತ್ ಕೊಡಬಾರದು. ಬೇಸಿಗೆಯಲ್ಲಿ ನೆಲ ಒಣಗಿ ಅರ್ಥಿಂಗ್ ಕ್ಷೀಣಿಸುವುದರಿಂದ ಆಗಾಗ ನೆಲಕ್ಕೆ ಹೂತ ಅರ್ಥಿಂಗ್ ಸಲಾಕೆಗಳ ಬುಡಕ್ಕೆ ನೀರು ಹಾಕಿ, ಬೇಲಿಯ ವೋಲ್ಟ್ ಅಳೆಯುವ ಮೀಟರಿನಿಂದ ಬೇಲಿಯ ಕೊನೆಯ ತುದಿಯನ್ನು ಪರೀಕ್ಷಿಸಿ.

ಮೇವಿನ ಜಾಗವನ್ನು ಹೊಲದ ನಡುಭಾಗಕ್ಕೆ ಒಯ್ಯಿರಿ, ಮೂಲೆಗಂತೂ ಬೇಡ. ಎರಡು ಕುದುರೆಗಳಿದ್ದಲ್ಲಿ ಒಂದು ದೊಡ್ಡಸ್ತಿಕೆ ತೋರಿಸಿಯೇ ತೀರುತ್ತದೆ. ಕಿವಿ ಹಿಂದಕ್ಕೆ ಒರಗಿಸಿ ಅದು ನುಗ್ಗಿದಾಗ, ಇನ್ನೊಂದಕ್ಕೆ ಓಡಲು ತೆರೆದ ಜಾಗವಿರಬೇಕು. ಬಕೆಟ್‌ಗಳ ನಡುವೆ ಕನಿಷ್ಠ ಎರಡು ಮೂರು ಕುದುರೆಯುದ್ದದ ಅಂತರವಿಡಿ. ಒಣಹುಲ್ಲನ್ನು ಬೇಲಿಯಗುಂಟ ಚೆಲ್ಲಿದರೆ, ತಂತಿಯಾಚೆ ಉದುರಿದ ಎಳೆಗಳಿಗಾಗಿ ಕುದುರೆ ಕೆಳಗಿನಿಂದ ಕತ್ತು ಚಾಚುತ್ತದೆ, ಒದ್ದೆ ಮೂತಿಗೇ ಶಾಕ್ ತಗಲುತ್ತದೆ. ನೀರಿನ ತೊಟ್ಟಿಗೂ ಇದೇ ನಿಯಮ. ಶಾಕ್‌ಗೆ ಹೆದರಿ ನೀರು ಕಡಿಮೆ ಕುಡಿಯುವ ಕುದುರೆಗೆ ಹೊಟ್ಟೆಶೂಲೆ ಬರುವ ಅಪಾಯವಿದೆ.

ಗೇಟಿನಲ್ಲಿ ಕರೆದೊಯ್ಯುವ ಮುನ್ನ ಯಂತ್ರ ಆರಿಸುವುದು ಅತ್ಯಂತ ಸುರಕ್ಷಿತ. ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ಮಡಿಕೆ ಮಾಡಿ ಹಿಡಿಯಿರಿ. ಕುದುರೆಯನ್ನು ಪೂರ್ತಿ ಒಳಕ್ಕೆ ತಂದು, ಅದರ ಮುಖವನ್ನು ಗೇಟಿನತ್ತ ತಿರುಗಿಸಿದ ಮೇಲಷ್ಟೇ ಹಗ್ಗ ಬಿಚ್ಚಿ. ಆಗ ಅದು ಹಿಂಗಾಲು ಝಾಡಿಸಿ ಓಡಿದರೂ ನಿಮಗೆ ತಗಲುವುದಿಲ್ಲ.

ಇನ್ನು ರಗ್ಗಿನ ವಿಷಯ. ನನ್ನ ಸ್ಪಷ್ಟ ಅಭಿಪ್ರಾಯವೆಂದರೆ, ನಿಮ್ಮ ಸೀಮೆಯಲ್ಲಿ ಅದರ ಅಗತ್ಯ ಬಹಳ ಕಡಿಮೆ. ಆರೋಗ್ಯವಂತ ಕುದುರೆಗೆ ಸುಮಾರು 5ರಿಂದ 25 ಡಿಗ್ರಿ ಸೆಲ್ಸಿಯಸ್ ಹಿತವಾದ ಉಷ್ಣಾಂಶ. ರೋಮ ಕತ್ತರಿಸಿದ, ಮುದಿಯಾದ ಅಥವಾ ಬಡಕಲಾದ ಕುದುರೆಗೆ, ಇಲ್ಲವೇ ಗಾಳಿಮಳೆಗೆ ನೆನೆದದ್ದಕ್ಕೆ ಮಾತ್ರ ಹೊದಿಕೆ ಬೇಕಾದೀತು. ಹೊದಿಸಿಯೇ ಬಿಡುವುದಾದರೆ ಹೊಟ್ಟೆಯ ಪಟ್ಟಿ ಜೋತು ಬೀಳದಂತೆ, ಅಡ್ಡಲಾಗಿ ಅಂಗೈ ಹಿಡಿಯುವಷ್ಟು ಮಾತ್ರ ಸಡಿಲವಿರಲಿ. ಜೋತಾಡುವ ಪಟ್ಟಿ ಬೇಲಿಗೆ ಸಿಕ್ಕಿಕೊಳ್ಳುತ್ತದೆ, ಎದೆಯ ಲೋಹದ ಬಕಲ್ ತಂತಿಗೆ ತಾಗುತ್ತದೆ. ರಗ್ಗನ್ನು ಒಣಗಿಸಲು ಬೇಲಿಯ ಮೇಲೆ ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ.

ಮತ್ತೊಂದು ಸೂಕ್ಷ್ಮವಿದೆ. ಜನವರಿಯ ಒಣಹವೆಯಲ್ಲಿ ನೈಲಾನ್ ರಗ್ಗನ್ನು ಎಳೆದು ತೆಗೆದರೆ ಚಟಚಟ ಸದ್ದಾಗಿ ಸಣ್ಣ ಕಿಡಿ ಹಾರುವುದುಂಟು. ನಮಗೆ ಅದು ಏನೂ ಅಲ್ಲ, ಬೇಲಿಯ ಶಾಕ್ ಉಂಡ ಕುದುರೆಗೆ ಮಾತ್ರ ಅದೇ ನೋವು ಮರಳಿ ಬಂದಂತೆ. ಒಳಗೆ ಹತ್ತಿಯ ಬಟ್ಟೆ ಹಾಕಿ, ರಗ್ಗನ್ನು ಎಳೆಯದೆ ಮಡಿಸುತ್ತ ಎತ್ತಿ ತೆಗೆಯಿರಿ.

ಈಗ ಕುದುರೆಯ ಭಯ ಬಿಡಿಸಲು, ಬೇಲಿಯ ವಿದ್ಯುತ್ ಆರಿಸಿ, ರಗ್ಗನ್ನು ಹೊಲದ ನಡುವೆ ಮಡಿಸಿಟ್ಟು ಅದರ ಪಕ್ಕದಲ್ಲಿ ಹುರುಳಿ ಕೊಡಿ. ಅದು ರಗ್ಗನ್ನು ಮೂಸಿ, ತಲೆ ತಗ್ಗಿಸಿ, ನೆಮ್ಮದಿಯಿಂದ ಅಗಿಯುವ ದಿನ ಬರುವವರೆಗೆ ಬೆನ್ನ ಮೇಲೆ ಇಡಬೇಡಿ. ಗೇಟಿನತ್ತ ಬಕೆಟ್ ಒಯ್ಯುವುದಂತೂ ಬೇಡವೇ ಬೇಡ. ಅಲ್ಲಿಗೆ ಹಗ್ಗ ಹಿಡಿದು ದಿನಕ್ಕೆ ನಾಲ್ಕು ಹೆಜ್ಜೆ ಹತ್ತಿರ ಹೋಗಿ, ಅದು ಬೆದರಿ ಮೂಗಿನಿಂದ ಬುಸುಗುಟ್ಟಿ ನಿಂತಲ್ಲಿಂದಲೇ ಹಿಂದಿರುಗಿ.