ನೂರು ವರ್ಷ ಅಂತ ನಿಮಗೆ ಹೇಳಿದವರು ಯಾರು?

ಚರ್ಚ್ ಶಾಲೆಯ ಶತಮಾನೋತ್ಸವ ಸಂಚಿಕೆಗೆ ‘ಇತಿಹಾಸ ಮತ್ತು ಮೌಲ್ಯಗಳು’ ಅಂತ ಲೇಖನ ಬರೆಯಬೇಕು, ಯಾವ ಪುಸ್ತಕ ನೋಡಲಿ ಅಂತ ಕೇಳಿದ್ದೀರಿ. ಪುಸ್ತಕ ಆಮೇಲೆ. ಇದೇ ಕೆಲಸ ನನ್ನ ತಲೆಗೂ ಬಂದಿತ್ತು, ನಾನು ಕೆಡಿಸಿದೆ.

ನಮ್ಮದು ಕುಮಟಾ–ಅಂಕೋಲಾ ನಡುವಿನ ಊರು. ಇಗರ್ಜಿ ಅಂದರೆ ಚರ್ಚ್, ಅದಕ್ಕೆ ತಾಗಿ ಶಾಲೆ, ಹಿಂದುಗಡೆ ಉಪ್ಪುನೀರು ನುಗ್ಗುವ ಗಜನಿ ಗದ್ದೆ. ನಾನು ಕ್ರಿಶ್ಚಿಯನ್ ಅಲ್ಲ. ಅಲ್ಲೇ ಓದಿ, ಅಲ್ಲೇ ಮಾಸ್ತರನಾಗಿ, ಅಲ್ಲೇ ನಿವೃತ್ತನಾದವನು. ಅಮೃತ ಮಹೋತ್ಸವ ಬಂದಾಗ ಪಾದರ್ ಕರೆದು, “ಮಾಸ್ತರೇ, ನಿಮ್ಮ ಅಕ್ಷರ ಚಂದ, ಸಂಚಿಕೆ ನೀವೇ ನೋಡಿಕೊಳ್ಳಿ” ಅಂದರು. ಅಕ್ಷರ ಚಂದ ಇದ್ದವನಿಗೆ ಇತಿಹಾಸ ಬರುತ್ತದೆಯೇ? ಆಗ ಹಾಗನ್ನಿಸಲಿಲ್ಲ. ಖುಷಿಯಾಯಿತು.

ಹಳೆ ಕಟ್ಟಡದ ಬಾಗಿಲ ಪಕ್ಕ ಒಂದು ಕಲ್ಲಿದೆ. ಮೇಲೆ ಶಿಲುಬೆ, ಕೆಳಗೆ ರೋಮನ್ ಲಿಪಿಯಲ್ಲಿ ಒಂದು ಸಾಲು, ಅದರ ಕೆಳಗೆ 1949. ಸುಣ್ಣ ಬಳಿದು ಬಳಿದು ಅಕ್ಷರ ಅರ್ಧ ಮುಚ್ಚಿತ್ತು. ಸಾಲು ಪೋರ್ಚುಗೀಸಿನದು, ನನಗೆ ಓದಲು ಬರಲಿಲ್ಲ. ಅಂಕಿ ಓದಲು ಬಂತು. ಅದನ್ನೇ ‘ಶಾಲೆ ಸ್ಥಾಪನೆ’ ಅಂತ ಮುಖಪುಟಕ್ಕೆ ಹಾಕಿದೆ. ಇದೇ ನನ್ನ ತಪ್ಪು. ಆ ಸಾಲು ಹೇಳಿದ್ದು ಕಟ್ಟಡಕ್ಕೆ ಆಶೀರ್ವಾದವಾಯಿತು ಅಂತ ಮಾತ್ರ. ಗೃಹಪ್ರವೇಶದ ದಿನವನ್ನು ಮದುವೆಯ ದಿನ ಅಂತ ಬರೆದುಬಿಟ್ಟಿದ್ದೆ.

ಪೆದ್ದುತನ ಎಲ್ಲಿ ಅಂದರೆ, ನಮ್ಮ ಕಡೆಯ ಇಗರ್ಜಿಗಳು ಹಿಂದೆ ಗೋವಾದ ಆರ್ಚ್‌ಬಿಷಪ್ಪರ ಕೈಕೆಳಗಿದ್ದವು, 1953ರಲ್ಲಿ ಬೆಳಗಾವಿ ಧರ್ಮಪ್ರಾಂತ ಆಯಿತು, 1976ರಲ್ಲಿ ಕಾರವಾರದ್ದೇ ಬೇರೆ ಆಯಿತು ಅಂತ ಅದೇ ಸಂಚಿಕೆಯ ಮೂರನೇ ಪುಟದಲ್ಲಿ ನಾನೇ ಬರೆದಿದ್ದೆ! 1949ರ ಕಲ್ಲಿನ ಮೇಲೆ ಪೋರ್ಚುಗೀಸ್ ಯಾಕಿದೆ, ಅದನ್ನು ಗೋವಾ ಕಡೆಯವರಿಗೆ ತೋರಿಸೋಣ ಅಂತ ಹೊಳೆಯಲಿಲ್ಲ. ಆಫೀಸಿನ ಕಪಾಟಿನಲ್ಲಿ ಜನರಲ್ ರಿಜಿಸ್ಟರ್, ಅಂದರೆ ಶಾಲೆಗೆ ಸೇರಿದ ಮಕ್ಕಳ ದಾಖಲೆ ಪುಸ್ತಕ, ಇತ್ತು. ಕೀಲಿ ಕೇಳಿದ್ದರೆ ಸಾಕಿತ್ತು. ಧೂಳು ಅಂದರೆ ನನಗೆ ಸೀನು, ಕೇಳಲಿಲ್ಲ.

ಕಾರ್ಯಕ್ರಮದ ದಿನ ಮೀನುಗಾರ ಹರಿಕಂತ್ರರ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ಬಂದರು. ಪ್ಲಾಸ್ಟಿಕ್ ಕೊಟ್ಟೆಯೊಳಗೆ ನಾಲ್ಕು ಮಡಿಕೆಯ ಕಾಗದ. ಶಾಲೆ ಬಿಟ್ಟ ಸರ್ಟಿಫಿಕೇಟು, 1944ರದ್ದು. ಮುಖಪುಟವನ್ನು ಮೊಮ್ಮಗ ಓದಿ ಹೇಳಿದ್ದನಂತೆ. “ಮಾಸ್ತರೇ, ಹಾಂಗಾರೆ ನಾ ಕಲ್ತದ್ದು ಯಾವ ಶಾಲೆ?” ಅಂದರು. ಜಗಳದ ದನಿಯಲ್ಲ, ನಿಜವಾಗಿಯೂ ಕೇಳಿದ್ದು. ಕಟ್ಟಡ ಆಗುವ ಮೊದಲು ಇಗರ್ಜಿಯ ಜಗಲಿಯಲ್ಲಿ ಶಾಲೆ ನಡೆಯುತ್ತಿತ್ತು. ಯಾರಾದರೂ ಸತ್ತು ಹೆಣ ಬಂದರೆ ಮಕ್ಕಳು ಪಾಟಿ ಎತ್ತಿಕೊಂಡು ಮಾವಿನ ಮರದ ಬುಡಕ್ಕೆ ಹೋಗುವುದು. ಇದೆಲ್ಲ ಅಜ್ಜಿ ಹೇಳಿಯೇ ನನಗೆ ಗೊತ್ತಾದದ್ದು. ಎಂಟುನೂರು ಪ್ರತಿ ಮೇಜಿನ ಮೇಲಿತ್ತು. ಅರ್ಧ ಹಂಚಿ ಆಗಿತ್ತು. ಉಳಿದ ಅರ್ಧಕ್ಕೆ ರಾತ್ರಿ ಕೂತು ಮೈದಾ ಅಂಟು ಕಲಸಿ ತಿದ್ದುಪಡಿ ಚೀಟಿ ಅಂಟಿಸಿದೆ. ಹೆಂಡತಿ ಒಂದು ಮಾತೂ ಆಡದೆ ಚೀಟಿ ಕತ್ತರಿಸಿಕೊಟ್ಟಳು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಕಪಾಟು ತೆಗೆಸಿದೆ. ಮೊದಲ ಹೆಸರು 1936ರದ್ದು. ಮೊದಲ ಪುಟದಲ್ಲಿ ಇಪ್ಪತ್ತೆರಡು ಮಕ್ಕಳು, ಕ್ರಿಶ್ಚಿಯನ್ನರು ಒಂಬತ್ತು. ಉಳಿದವರು ಹರಿಕಂತ್ರರು, ಹಾಲಕ್ಕಿ ಗೌಡರು, ನಾಯ್ಕರು. ‘ಬಿಟ್ಟ ಕಾರಣ’ದ ಕಾಲಮ್ಮಿನಲ್ಲಿ ದೋಣಿ ಕೆಲಸ, ಜ್ವರ, ಮುಲ್ಕಿ ಪರೀಕ್ಷೆ ಪಾಸು. ಒಬ್ಬ ಹುಡುಗಿಯ ಹೆಸರು ಮೂರು ಕಡೆ ಇದೆ. ಮೂರು ಸಲ ಬಿಟ್ಟಿದ್ದಾಳೆ, ಮೂರು ಸಲವೂ ‘ತಮ್ಮನನ್ನು ನೋಡಿಕೊಳ್ಳಲು’. ತಮ್ಮಂದಿರು ಬೇರೆ ಬೇರೆ ಇರಬೇಕು. ಮೂರು ಸಲವೂ ವಾಪಸು ಸೇರಿಸಿಕೊಂಡಿದ್ದಾರೆ. ಅದೇ ಕೈಬರಹ, ಫೀ ಕಾಲಮ್ಮಿನಲ್ಲಿ ‘ಮಾಫಿ’.

ಹಾಗಾಗಿ ಮೌಲ್ಯಗಳ ಲೇಖನ ಬರೆಯಲೇಬೇಡಿ ಅನ್ನುತ್ತೇನೆ. ಸಂಚಾಲಕರಿಗೆ ಬೇಜಾರಾಗಬಹುದು, ಆಗಲಿ. ‘ಶಿಸ್ತು, ಸೇವೆ, ಪ್ರೀತಿ’ ಅಂತ ನಾನೂ ನಾಲ್ಕು ಪುಟ ತುಂಬಿಸಿದ್ದೆ. ಶಾಲೆಯ ಹೆಸರು ತೆಗೆದು ಪಕ್ಕದೂರಿನ ಶಾಲೆಯದ್ದು ಹಾಕಿದರೂ ನಡೆಯುತ್ತಿತ್ತು. ಆ ‘ಮಾಫಿ’ ಇರುವ ಪುಟದ ಫೋಟೋ ಹಾಕಿ, ಹೆಸರು ಮಾತ್ರ ಮುಚ್ಚಿ.

‘ನಾವು ಯಾರನ್ನೂ ಮತಾಂತರ ಮಾಡಿಲ್ಲ’ ಅಂತ ಸಮಜಾಯಿಷಿ ಬರೆಯಿರಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದೂ ಬೇಡ. ಕ್ರಿಶ್ಚಿಯನ್ ಮಕ್ಕಳು ದೊತೊರ್ನಿಗೆ, ಅಂದರೆ ಅವರ ಧರ್ಮಪಾಠಕ್ಕೆ, ಹೋದಾಗ ನಾವು ನೀತಿಪಾಠಕ್ಕೆ ಕೂರುತ್ತಿದ್ದೆವು, ಅಷ್ಟು ಬರೆದರೆ ಸಾಕು. ಅನುದಾನಿತ ಶಾಲೆಯಲ್ಲಿ ಒಪ್ಪಿಗೆ ಇಲ್ಲದೆ ಯಾರನ್ನೂ ಧರ್ಮಪಾಠಕ್ಕೆ ಕೂರಿಸುವಂತಿಲ್ಲ ಅಂತ ಸಂವಿಧಾನದ 28ನೇ ವಿಧಿಯೇ ಹೇಳುತ್ತದಲ್ವಾ?

ಇನ್ನೊಂದು. 1784ರಲ್ಲಿ ಟಿಪ್ಪು ಕೆನರಾದ ಕ್ರಿಶ್ಚಿಯನ್ನರನ್ನು ಶ್ರೀರಂಗಪಟ್ಟಣಕ್ಕೆ ಒಯ್ದದ್ದರಿಂದ ಶುರು ಮಾಡಬೇಡಿ. ದೊಡ್ಡ ಕಥೆ, ನಿಜವಾದ ಕಥೆ. ಆದರೆ ನಿಮ್ಮ ಶಾಲೆಗೆ ಬರುವಷ್ಟರಲ್ಲಿ ಓದುವವರು ಊಟಕ್ಕೆ ಎದ್ದಿರುತ್ತಾರೆ. ನಮ್ಮ ಸಂಚಿಕೆಯಲ್ಲಿ ಹನ್ನೊಂದು ಪುಟ ಅದೇ ಇತ್ತು.

ರಿಜಿಸ್ಟರ್ ಆದ ಮೇಲೆ ಶಾಲಾ ಇನ್‌ಸ್ಪೆಕ್ಟರರ ಶೆರಾ ಪುಸ್ತಕ, ಅಂದರೆ ತಪಾಸಣೆಗೆ ಬಂದಾಗ ಅವರು ಅಭಿಪ್ರಾಯ ಬರೆದಿಡುವ ಪುಸ್ತಕ, ಇದೆಯಾ ಕೇಳಿ. 1956ರವರೆಗೆ ನಮ್ಮ ಜಿಲ್ಲೆ ಮುಂಬೈಗೆ ಸೇರಿತ್ತು, ಅಲ್ಲಿವರೆಗಿನ ಶೆರಾ ಮುಂಬೈ ಶಿಕ್ಷಣ ಇಲಾಖೆಯವರದ್ದು. ಕ್ರಿಸ್‌ಮಸ್ಸಿಗೆ ಮುಂಬೈಯಿಂದ ಹಳಬರು ಬರುತ್ತಾರೆ, ಆಗ ಇಗರ್ಜಿ ಬಾಗಿಲಲ್ಲಿ ನಿಲ್ಲಿ. ಎಂಬತ್ತು ದಾಟಿದವರನ್ನು ಮೊದಲು ಹಿಡಿಯಿರಿ. ‘ಶಾಲೆ ಹೇಗಿತ್ತು’ ಅಂತ ಕೇಳಬೇಡಿ, ‘ಚೆನ್ನಾಗಿತ್ತು’ ಅಂದು ಸುಮ್ನಾಗುತ್ತಾರೆ. ‘ಮಳೆಗಾಲದಲ್ಲಿ ಎಲ್ಲಿ ಕೂರುತ್ತಿದ್ದಿರಿ’ ಅಂತ ಕೇಳಿ.

ಅಂದಹಾಗೆ, ಶತಮಾನೋತ್ಸವದ ಲೆಕ್ಕ ಎಲ್ಲಿಂದ ಬಂತು? ಗೋಡೆಯ ಕಲ್ಲಿನಿಂದಾದರೆ ಬ್ಯಾನರ್ ಪ್ರಿಂಟಿಗೆ ಕೊಡುವ ಮುಂಚೆ ಒಂದು ಫೋಟೋ ಇಲ್ಲಿ ಹಾಕಿ. ಪೋರ್ಚುಗೀಸ್ ಬಲ್ಲ ಒಬ್ಬರು ಮಡಗಾಂವಿನಲ್ಲಿ ನನಗೆ ಪರಿಚಯ ಆಗಿದ್ದಾರೆ. ತಡವಾಗಿ ಆದರು, ಇರಲಿ.