ಓದುಗರ ಪ್ರಶ್ನೆ: ಬೆರೆತ ಓಣಿ ಬಲವೋ, ಒಡಕೋ?

ಪ್ರಶ್ನೆ: ನಮ್ಮ ಓಣಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಮಾತಾಡುವವರೆಲ್ಲ ಇದ್ದೇವೆ. ಇದೇ ಊರಿನ ಬಲ ಅಂತ ಕೆಲವರು, ಇದರಿಂದಲೇ ಒಡಕು ಅಂತ ಕೆಲವರು. ಯಾವುದು ಸರಿ?
– ಓದುಗರು, ಬೀದರ್

ಉತ್ತರ: ಬರೀ ಬೆರೆತಿದ್ದರೆ ಎರಡೂ ಆಗುವುದಿಲ್ಲ. ಜನ ಯಾವ ಕೆಲಸಕ್ಕೆ ಒಟ್ಟಿಗೆ ಕೂರುತ್ತಾರೆ ಎಂಬುದೇ ಮುಖ್ಯ. ರಾಜ್ಯಶಾಸ್ತ್ರಜ್ಞ ಆಶುತೋಷ್ ವಾರ್ಷ್ಣೇಯ ಭಾರತದ 6 ನಗರಗಳನ್ನು ಗಲಭೆಯಾದದ್ದೊಂದು, ಶಾಂತವಾಗಿದ್ದದ್ದೊಂದು ಎಂದು ಜೋಡಿ ಮಾಡಿ ಹೋಲಿಸಿದ್ದಾರೆ. ಶಾಂತವಾಗಿದ್ದ ನಗರಗಳಲ್ಲಿ ವ್ಯಾಪಾರಿ ಸಂಘ, ಕಾರ್ಮಿಕ ಸಂಘಗಳಲ್ಲಿ ಹಿಂದೂ–ಮುಸ್ಲಿಮರು ಒಟ್ಟಿಗಿದ್ದರು. ನೆರೆಮನೆಯ ಸ್ನೇಹ ಹಳ್ಳಿಗೆ ಸಾಕು, ದೊಡ್ಡ ಊರಿಗೆ ಸಾಲದು.

ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹನ ಸಮಾಧಿಯ ಬಳಿ ನಡೆಯುವ ಉರುಸಿಗೆ ಎಲ್ಲರೂ ಸೇರುವುದು ನಿಮ್ಮ ಜಿಲ್ಲೆಯ ದೊಡ್ಡ ಆಸ್ತಿ. ಆದರೆ ವರ್ಷಕ್ಕೊಮ್ಮೆ ಸೇರಿದರೆ ಆಗದು.

ನಳದ ನೀರು, ಗಟಾರ, ಬೀದಿದೀಪಕ್ಕೆಂದು ಒಂದು ಕಮಿಟಿ ಮಾಡಿ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ಜಾತಿಗೊಬ್ಬರು, ಧರ್ಮಕ್ಕೊಬ್ಬರು ಎಂದು ಆರಿಸುವುದು. ಹಾಗೆ ಬಂದವರು ತಮ್ಮವರ ಪಾಲನ್ನಷ್ಟೇ ಕಾಯುತ್ತಾರೆ. ಸಾಲಾಗಿ ಹತ್ತು ಮನೆಗೊಬ್ಬರನ್ನು ಆರಿಸಿ. ಆಗ ಅವರು ತಮ್ಮ ಗಟಾರಕ್ಕೆ ಉತ್ತರ ಕೊಡಬೇಕಾಗುತ್ತದೆ, ತಮ್ಮ ಜಾತಿಗಲ್ಲ. ಹೆಣ್ಣುಮಕ್ಕಳು ಅರ್ಧದಷ್ಟಿರಲಿ, ನೀರು ತುಂಬುವವರು ಅವರೇ ತಾನೆ! ಶುಕ್ರವಾರ ಮಧ್ಯಾಹ್ನ ಸಭೆ ಬೇಡ. ನೋಟಿಸು ಕನ್ನಡದಲ್ಲೂ ಉರ್ದುವಿನಲ್ಲೂ ಇರಲಿ. ಜಗಳ ಹುಟ್ಟುವುದು ಹೆಚ್ಚಾಗಿ ಹಣದಿಂದ, ಆದ್ದರಿಂದ ವಂತಿಗೆ ಮತ್ತು ಖರ್ಚನ್ನು ತಿಂಗಳಿಗೊಮ್ಮೆ ಗೋಡೆಗೆ ಅಂಟಿಸಿ.

ವಾಟ್ಸ್ಆ್ಯಪ್‌ನಲ್ಲಿ ವದಂತಿ ಬಂದರೆ ಪರಸ್ಪರ ಫೋನು ಮಾಡಿ ಖಚಿತಪಡಿಸಿಕೊಳ್ಳಲು ಹಿಂದೂ–ಮುಸ್ಲಿಂ ಎರಡೂ ಕಡೆಯ ಇಬ್ಬರನ್ನು ಮೊದಲೇ ಗೊತ್ತುಮಾಡಿ. ಗಲಾಟೆ ಶುರುವಾದ ಮೇಲೆ ಆ ಪರಿಚಯ ಬೆಳೆಸಲಾಗದು. ಅಪಾಯ ಕಂಡರೆ ತಡಮಾಡದೆ 112ಕ್ಕೆ ಕರೆ ಮಾಡಿ.