ಸೈಗಾನ್‌ನಿಂದ ಸುಂಟಿಕೊಪ್ಪಕ್ಕೆ ಹದಿನೆಂಟು ಗಂಟೆ

ನಿಮ್ಮ ಪ್ರಶ್ನೆ ಇದು: "ಮೊದಲ ಸಲ ವಿದೇಶಕ್ಕೆ ಹೋಗುತ್ತಿದ್ದೇವೆ. ಮನೆಯಲ್ಲಿ ವಯಸ್ಸಾದವರೂ ಇದ್ದಾರೆ. ವಾಪಸ್ ವಿಮಾನ ಸಂಜೆಗಿದೆ. ಕೊನೆಯ ದಿನವನ್ನೂ ತಿರುಗಾಟಕ್ಕೆ ಇಟ್ಟುಕೊಳ್ಳಬಹುದಾ? ಮನೆ ಮುಟ್ಟುವ ಪ್ರಯಾಣ ಹೇಗಿರುತ್ತದೆ?"

ಇಟ್ಟುಕೊಳ್ಳಬಹುದು. ಆದರೆ ಆ ದಿನ ನಿಮ್ಮ ಕಾಲು ಅಲ್ಲಿರುತ್ತದೆ, ತಲೆ ಊರಿಗೆ ಬಂದಾಗಿರುತ್ತದೆ. ನಮಗಾದದ್ದನ್ನು ಹೇಳುತ್ತೇನೆ.

ನಾವು ಕೊಡಗಿನ ಸುಂಟಿಕೊಪ್ಪದ ಹತ್ತಿರದವರು. ಐದು ಎಕರೆ ರೋಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು. ಕೊಯ್ಲು ಮುಗಿದು, ಕಣ ಖಾಲಿಯಾಗಿ, ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಚೀಲಗಳು ಲಾರಿ ಹತ್ತಿದ ಮೇಲೆಯೇ ನಮಗೆ ರಜೆ. ಹಾಗಾಗಿ ಮಾರ್ಚ್ ಮೊದಲ ವಾರ ಹೊರಟೆವು. ನಾನು, ನಮ್ಮ ಮನೆಯವರು, ಅರವತ್ತೆಂಟು ವರ್ಷದ ಅತ್ತೆ. ಹೋಗಿದ್ದು ವಿಯೆಟ್ನಾಂಗೆ. ಬೆಂಗಳೂರಿನಿಂದ ನೇರ ವಿಮಾನ ಇದೆ, ಇ-ವೀಸಾ ಮನೆಯಲ್ಲೇ ಕೂತು ಮಾಡಬಹುದು ಎನ್ನುವುದು ನನ್ನ ಲೆಕ್ಕ. ನಮ್ಮ ಮನೆಯವರಿಗೆ ಅವರ ತೋಟ ನೋಡಬೇಕಿತ್ತು. ಬ್ರೆಜಿಲ್ ಬಿಟ್ಟರೆ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದು. ರೋಬಸ್ಟಾದಲ್ಲಿ ಮೊದಲನೆಯದು, ಕರಿಮೆಣಸಿನಲ್ಲೂ ಮೊದಲನೆಯದು. ಮೆಣಸಿನ ಬೆಲೆ ಬಿದ್ದಾಗಲೆಲ್ಲ ನಮ್ಮ ಇಡೀ ಜಿಲ್ಲೆ ಬೈಯುವ ದೇಶ. ಅತ್ತೆಯ ಕಾರಣ ಇನ್ನೂ ಸರಳ: "ನೀವಿಬ್ರೂ ಹೋದ್ರೆ ನಾನೊಬ್ಳೇ ಇಲ್ಲಿ ಏನು ಮಾಡ್ಲಿ?"

ನಾವು ಹೋದ ಮರುದಿನ ಸಂಜೆಯೇ ಪಕ್ಕದ ತೋಟದ ಚಿಕ್ಕಪ್ಪನ ಫೋನ್ ಬಂತು. "ಒಂದು ಇಂಚು ಹತ್ತು ಸೆಂಟ್ಸ್ ಬಿತ್ತು ಕಣಪ್ಪಾ!" ಹೂಮಳೆ. ಕಾಫಿ ಬೆಳೆಯದವರಿಗೆ ಒಂದು ಮಾತು: ಸೆಂಟ್ ಅಂದರೆ ಇಂಚಿನ ನೂರನೇ ಒಂದು ಪಾಲು. ಬೇಸಿಗೆಯಲ್ಲಿ ಒಂದು ಹದ ಮಳೆ ಬಿದ್ದರೆ ಗಿಡದಲ್ಲಿ ಸುಮ್ಮನೆ ಕೂತಿದ್ದ ಮೊಗ್ಗು ಎಚ್ಚರವಾಗುತ್ತದೆ. ಎಂಟು ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಬಿಳಿಯಾಗುತ್ತದೆ. ಎರಡು ಮೂರು ದಿನ ಇರುತ್ತದೆ, ಅಷ್ಟೇ. ಮುಂದಿನ ವರ್ಷದ ಫಸಲಿನ ಲೆಕ್ಕವೆಲ್ಲ ಶುರುವಾಗುವುದು ಅಲ್ಲಿಂದ. ನಾವು ಊರಿಗೆ ಮುಟ್ಟುವುದು ಮಳೆ ಬಿದ್ದ ಒಂಬತ್ತನೇ ದಿನ. ಫೋನ್ ಬಂದ ದಿನದಿಂದ ನಮ್ಮ ಮನೆಯವರು ದಿನಾ ಬೆರಳು ಮಡಚಿ ಎಣಿಸತೊಡಗಿದರು. ಪ್ರವಾಸದ ಫೋಟೊಗಳಲ್ಲಿ ಇವರ ಮುಖ ನೋಡಿದರೆ ಗೊತ್ತಾಗುತ್ತದೆ.

ಈಗ ಕೊನೆಯ ದಿನ. ನಾವು ಮಾಡಿದ ಒಂದೇ ಜಾಣತನ ಅಂದರೆ ವಿಮಾನ ಹತ್ತುವ ಊರಿಗೆ ಹಿಂದಿನ ದಿನವೇ ಬಂದು ಉಳಿದದ್ದು. ದಲಾತ್ ಎಂಬ ಬೆಟ್ಟದ ಊರಿನಲ್ಲಿದ್ದೆವು. ಅಲ್ಲಿಂದ ವಿಮಾನ ಹತ್ತುವ ಹೋ ಚಿ ಮಿನ್ ಸಿಟಿಗೆ, ಅಂದರೆ ಹಳೇ ಸೈಗಾನ್‌ಗೆ, ಮುನ್ನೂರು ಕಿಲೋಮೀಟರ್, ಘಾಟಿ ರಸ್ತೆ. ಹೆಚ್ಚುಕಡಿಮೆ ನಮ್ಮೂರಿಂದ ದೇವನಹಳ್ಳಿಗೆ ಬಂದಷ್ಟು. ವಿಮಾನದ ದಿನವೇ ಬೆಳಗ್ಗೆ ಹೊರಟರೆ ಸಾಕಲ್ಲ ಅಂತ ಇವರು ವಾದಿಸಿದ್ದರು. ಒಂದು ಗುಡ್ಡ ಕುಸಿದರೆ ಏನು ಗತಿ ಅಂತ ಕೇಳಿದೆ. 2018ರ ಆಗಸ್ಟ್ ನೋಡಿದ ನಮ್ಮಂಥ ಮಡಿಕೇರಿ ಕಡೆಯವರಿಗೆ ಆ ಪ್ರಶ್ನೆಗೆ ಉತ್ತರ ಬೇಕಾಗಿಲ್ಲ.

ಬೆಳಗ್ಗೆ ಹೋಟೆಲ್ ಪಕ್ಕದ ಗಾಡಿಯಲ್ಲಿ 'ಫ' ಎನ್ನುವ ಅಲ್ಲಿನ ಸೂಪು ಕುಡಿದೆವು. ಅಕ್ಕಿ ಶಾವಿಗೆಯನ್ನು ಬಿಸಿ ಸಾರಿನಲ್ಲಿ ಹಾಕಿ, ಮೇಲೆ ಸೊಪ್ಪು, ನಿಂಬೆ ಕೊಡುತ್ತಾರೆ. "ನೂಲ್‌ಪುಟ್ಟನ್ನ ಕೋಳಿಸಾರಿಗೆ ಹಾಕಿ ಮುಳುಗಿಸಿದ ಹಾಗಿದೆ" ಎಂದರು ಅತ್ತೆ. ನೂಲ್‌ಪುಟ್ಟು ಅಂದರೆ ನಮ್ಮ ಕಡೆಯ ಒತ್ತು ಶಾವಿಗೆ. ಬಟ್ಟಲು ಮಾತ್ರ ಖಾಲಿ ಮಾಡಿದರು.

ಹನ್ನೆರಡಕ್ಕೆ ರೂಮು ಬಿಡಬೇಕು. ವಿಮಾನ ಏಳಕ್ಕೆ. ನಡುವಿನ ಹೊತ್ತಿಗೆ ನಾನು ಹಳೇ ಪೋಸ್ಟ್ ಆಫೀಸು, ಮ್ಯೂಸಿಯಂ ಅಂತ ಪಟ್ಟಿ ಬರೆದಿದ್ದೆ. ಅತ್ತೆ ಪಟ್ಟಿ ನೋಡಲೂ ಇಲ್ಲ. "ಹೊರಡೋ ದಿನ ಒಂದು ದೇವಸ್ಥಾನ ಇಲ್ವಾ ಈ ಊರಲ್ಲಿ?" ಎಂದರು. ಇದೆ! ಬೆನ್ ಥಾನ್ ಮಾರ್ಕೆಟ್‌ನಿಂದ ಐದು ನಿಮಿಷ ನಡೆದರೆ ಮಾರಿಯಮ್ಮನ ಗುಡಿ. ಹಿಂದೆ ಇಲ್ಲಿಗೆ ಬಂದು ನೆಲೆಸಿದ ತಮಿಳರು ಕಟ್ಟಿದ್ದು. ಗೋಪುರ ನಮ್ಮದೇ, ಅರಿಶಿನ ಕುಂಕುಮ ನಮ್ಮದೇ. ಒಳಗೆ ಊದುಬತ್ತಿ ಹಿಡಿದು ನಿಂತವರು ಮಾತ್ರ ವಿಯೆಟ್ನಾಂ ಹೆಂಗಸರು. ಅತ್ತೆಗೆ ಮಾತೇ ಹೊರಡಲಿಲ್ಲ. ಮಡಿಕೇರಿ ದಸರಾಕ್ಕೆ ಕೋಟೆ ಮಾರಿಯಮ್ಮನ ಕರಗ ಹೊರಡುವಾಗ ನಿಲ್ಲುತ್ತಾರಲ್ಲ, ಹಾಗೇ ಸೆರಗು ಹೊದ್ದು ನಿಂತರು. ಪಕ್ಕದಲ್ಲಿ ಅವರಷ್ಟೇ ವಯಸ್ಸಿನ ಒಬ್ಬ ಅಜ್ಜಿ ತನ್ನ ಕಟ್ಟಿನಿಂದ ಎರಡು ಊದುಬತ್ತಿ ತೆಗೆದು ಕೊಟ್ಟರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ. ಹತ್ತು ನಿಮಿಷ ಕೈ ಹಿಡಿದುಕೊಂಡು ಏನೋ ಮಾತಾಡಿದರು. ಏನು ಹೇಳಿದ್ರಿ ಅಂತ ಕೇಳಿದ್ದಕ್ಕೆ "ಮೊಣಕಾಲು ನೋವಿನ ವಿಷ್ಯ" ಎಂದರು. ಪಟ್ಟಿ ಹಿಡಿದು ಓಡಿದ್ದರೆ ನಮಗೆ ಇದು ಸಿಗುತ್ತಿರಲಿಲ್ಲ.

ಮಾರ್ಕೆಟ್‌ನಲ್ಲಿ ಇವರು ಮೆಣಸಿನ ಅಂಗಡಿ ಮುಂದೆ ನಿಂತುಬಿಟ್ಟರು. ಒಂದು ಕಾಳು ಕಚ್ಚಿ, ಕಣ್ಣು ಮುಚ್ಚಿ, "ಗಾತ್ರ ಇದೆ. ಖಾರ ನಮ್ಮದೇ ಜಾಸ್ತಿ" ಎಂದು ತೀರ್ಪು ಕೊಟ್ಟರು. ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಅಂತ ಕೇಂದ್ರ ಸರ್ಕಾರ 2017ರಲ್ಲಿ ಮಾಡಿದ್ದರ ಬಗ್ಗೆ ಅಂಗಡಿಯ ಹುಡುಗಿಗೆ ಕನ್ನಡ ಬೆರೆತ ಇಂಗ್ಲಿಷಿನಲ್ಲಿ ವಿವರಿಸಲು ಹೊರಟರು. ನಾನು ಎಳೆದುಕೊಂಡು ಬಂದೆ. ಎರಡು ಮೆಣಸೂ ನನಗೆ ಒಂದೇ ಥರ ಅನಿಸಿತ್ತು. ಹೇಳಲಿಲ್ಲ.

ಅಲ್ಲಿನ ಹಣ ಅಲ್ಲೇ ಮುಗಿಸಿ. ಡಾಂಗ್ ನೋಟನ್ನು ಊರಿಗೆ ತಂದರೆ ಬದಲಾಯಿಸಿಕೊಡುವವರನ್ನು ಹುಡುಕಬೇಕು. ಇನ್ನೊಂದು, 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಎರಡರ ಮೇಲೂ ಹೋ ಚಿ ಮಿನ್ ಮುಖ. ಒಂದು ರೂಪಾಯಿಗೆ ಸುಮಾರು 300 ಡಾಂಗ್ ಅಂತ ಇಟ್ಟುಕೊಂಡರೆ ಮೊದಲನೆಯದು ನಮ್ಮ 70 ರೂಪಾಯಿಗೆ ಹತ್ತಿರ, ಎರಡನೆಯದು 1,700ಕ್ಕೆ ಹತ್ತಿರ. ಅತ್ತೆ ಒಂದು ಬೀಸಣಿಗೆಗೆ ಐದು ಲಕ್ಷದ್ದನ್ನೇ ಕೊಟ್ಟು ಹೊರಟಿದ್ದರು. ಅಂಗಡಿಯಾಕೆ ಹಿಂದೆ ಓಡಿಬಂದು ವಾಪಸ್ ಕೊಟ್ಟಳು.

ಮಾರ್ಕೆಟ್‌ನಿಂದ ಬಂದು ಪ್ಯಾಕಿಂಗ್ ಮುಗಿಸುವಾಗ ಇವರ ಶರ್ಟಿನ ಒಳಗೆ ಒಂದು ಸಣ್ಣ ಪೊಟ್ಟಣ ಸಿಕ್ಕಿತು. ದಲಾತ್ ಹತ್ತಿರದ ತೋಟದವರು ಕೊಟ್ಟ ಒಂದು ಹಿಡಿ ಕಾಫಿ ಬೀಜ, ಪಾರ್ಚ್‌ಮೆಂಟ್ ಎನ್ನುವ ಒಳಸಿಪ್ಪೆ ಸಮೇತ. "ಸುಮ್ನೆ ನಾಲ್ಕು ಗಿಡ ಮಾಡಿ ನೋಡೋಣ ಅಂತ" ಎಂದರು. ಅಲ್ಲೇ ಜಗಳ. ಬಿತ್ತನೆ ಬೀಜವನ್ನಾಗಲಿ ಗಿಡವನ್ನಾಗಲಿ ಪರ್ಮಿಟ್ ಇಲ್ಲದೆ ದೇಶದೊಳಗೆ ತರುವಂತಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶ ಇರುವುದೇ ಇದಕ್ಕೆ. ಕಾನೂನು ಹೇಳಿದ್ದಕ್ಕೆ ಇವರು ಜಗ್ಗಲಿಲ್ಲ. ಬೆರ್ರಿ ಬೋರರ್ ಹೆಸರು ಹೇಳಿದೆ, ಸುಮ್ಮನಾದರು. ಆ ಹುಳ ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಆಮೇಲೆ ಕೊಡಗಿಗೂ ಬಂತು. ಹಣ್ಣಿಗೆ ತೂತು ಕೊರೆದು ಬೀಜದೊಳಗೇ ಮರಿ ಮಾಡುವ ಜಾತಿ. ಇವರು ಹುಡುಗರಾಗಿದ್ದಾಗ ಶಾಲೆ ಮುಗಿಸಿ ಬಂದು ಗಿಡದ ಬುಡದಲ್ಲಿ ಉದುರಿದ ಹಣ್ಣು ಹೆಕ್ಕಿದ್ದೇ ಹೆಕ್ಕಿದ್ದು. ಪೊಟ್ಟಣ ಹೋಟೆಲಿನ ಕಸದ ಬುಟ್ಟಿಗೆ ಹೋಯಿತು. ಹುರಿದು ಪುಡಿ ಮಾಡಿದ ಕಾಫಿಗೆ ಈ ತಕರಾರಿಲ್ಲ. ಅದು ಎರಡು ಕಿಲೋ ತಂದೆವು.

ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಅತ್ತೆ ಮಾತ್ರ ಇಡೀ ಪ್ರವಾಸ ತಮ್ಮ ಕೈಗಡಿಯಾರ ತಿರುಗಿಸಿರಲಿಲ್ಲ. ಬಿ.ಪಿ. ಮಾತ್ರೆ ಊರಿನ ಹೊತ್ತಿಗೇ ತೆಗೆದುಕೊಳ್ಳಬೇಕಂತೆ. ಮೂರು ಗಂಟೆಗೆ ಟ್ಯಾಕ್ಸಿ ಬಂದು ನಿಂತರೆ "ಈಗಿನ್ನೂ ಒಂದೂವರೆ, ಸ್ವಲ್ಪ ಮಲಗ್ತೀನಿ" ಎಂದು ಹೋಟೆಲಿನ ಸೋಫಾದಲ್ಲಿ ಕಾಲು ಚಾಚಿದ್ದರು. ತಾನ್ ಸೊನ್ ನ್ಯತ್ ವಿಮಾನ ನಿಲ್ದಾಣ ಊರೊಳಗೇ ಇದೆ, ದೇವನಹಳ್ಳಿಯಂತೆ ದೂರ ಅಲ್ಲ. ಆದರೆ ದಾರಿ ತುಂಬ ಬೈಕುಗಳ ಹೊಳೆ. ಮೂರು ಗಂಟೆ ಮೊದಲೇ ಅಲ್ಲಿರುವ ಹಾಗೆ ಹೊರಡಿ.

ಕೌಂಟರಿನಲ್ಲಿ ಒಂದು ಪೆಟ್ಟಿಗೆ ಇಪ್ಪತ್ತಮೂರು ಕಿಲೋ ತೂಗಿತು. ನಮ್ಮ ಟಿಕೆಟಿಗೆ ಇಪ್ಪತ್ತು. ಎಲ್ಲರೆದುರು ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ ಕೂತೆವು. ಅತ್ತೆ ಎರಡು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡರು, ಹೊರಗೆ ಬೆವರು ಸುರಿಯುವ ಬಿಸಿಲು. ನಾನು ಮಂದ ಹಾಲಿನ (ಕಂಡೆನ್ಸ್ಡ್ ಮಿಲ್ಕ್) ಮೂರು ಡಬ್ಬಿ ತೆಗೆದು ಕೈಚೀಲಕ್ಕೆ ಹಾಕಿದೆ. ಅವರ ಕಾಫಿಗೆ ಆ ಸಿಹಿ ಹಾಲೇ ಬೇಕಲ್ಲ, ಊರಲ್ಲಿ ಮಾಡಿ ತೋರಿಸೋಣ ಅಂತ ಕೊಂಡಿದ್ದೆ. ಸೆಕ್ಯುರಿಟಿಯಲ್ಲಿ ಮೂರೂ ಹೋದವು. ಕೈಚೀಲದಲ್ಲಿ ದ್ರವ ಪದಾರ್ಥ ನೂರು ಎಂ.ಎಲ್. ಮೀರುವಂತಿಲ್ಲ, ಮಂದ ಹಾಲೂ ದ್ರವವೇ. ನನಗೆ ಗೊತ್ತಿದ್ದ ವಿಷಯವೇ. ಆ ಗಡಿಬಿಡಿಯಲ್ಲಿ ತಲೆ ಓಡಲಿಲ್ಲ. ಹಾಗಾಗಿ ಹೇಳುತ್ತೇನೆ, ತೂಕ ನೋಡುವುದು ಹೋಟೆಲಿನಲ್ಲೇ ಆಗಲಿ.

ವಿಮಾನದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಐದು ಗಂಟೆಗೆ ಸ್ವಲ್ಪ ಕಡಿಮೆ. ರಾತ್ರಿ ಹತ್ತೂಕಾಲಿಗೆ ಬೆಂಗಳೂರಲ್ಲಿ ಇಳಿದೆವು. ಅತ್ತೆಯ ಗಡಿಯಾರ ಒಂದೇ ಸರಿಯಿತ್ತು.

ಪ್ರವಾಸ ಮುಗಿಯಿತು ಅಂತ ಬೆಂಗಳೂರಿನವರು ಅಂದುಕೊಳ್ಳುವುದು ಇಲ್ಲಿ. ನಮಗೆ ಅರ್ಧ ದಾರಿಯೂ ಆಗಿರಲಿಲ್ಲ. ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ. 2018ರಲ್ಲಿ ಶುರುವಾದದ್ದು, ಗಲ್ಫ್‌ನಲ್ಲಿರುವ ನಮ್ಮ ಜಿಲ್ಲೆಯವರಿಗೆ ದೊಡ್ಡ ಅನುಕೂಲ. ವಿಯೆಟ್ನಾಂಗೆ ಹೋಗುವವರಿಗೆ ಪ್ರಯೋಜನವಿಲ್ಲ. ಹಾಗಾಗಿ ಪೆಟ್ಟಿಗೆ ಬರುವುದನ್ನು ಕಾದು, ಹನ್ನೆರಡು ಗಂಟೆ ಹೊತ್ತಿಗೆ ವಿಮಾನ ನಿಲ್ದಾಣದಿಂದಲೇ ಮೈಸೂರಿಗೆ ಹೊರಡುವ ಫ್ಲೈ ಬಸ್ ಹತ್ತಿದೆವು. ಇಳಿಯುವುದಕ್ಕೂ ಬಸ್ಸಿಗೂ ನಡುವೆ ಒಂದೂವರೆ ಗಂಟೆಯಾದರೂ ಬಿಟ್ಟು ಸೀಟು ಕಾಯ್ದಿರಿಸಿ. ನಮ್ಮ ಪೆಟ್ಟಿಗೆಗಳು ಬಂದದ್ದು ಕೊನೆಯಲ್ಲಿ. ರಾತ್ರಿ ಕಾರು ಮಾಡಿಕೊಂಡು ಹೋಗುವವರೂ ಇದ್ದಾರೆ. ಇಡೀ ರಾತ್ರಿ ನಿದ್ದೆಗೆಟ್ಟ ಡ್ರೈವರ್ ಜೊತೆ ಮುನ್ನೂರು ಕಿಲೋಮೀಟರ್ ಹೋಗಲು ನನಗೆ ಧೈರ್ಯ ಇಲ್ಲ.

ನಾಲ್ಕೂವರೆಗೆ ಮೈಸೂರು. ಬಸ್ ಸ್ಟ್ಯಾಂಡಿನಲ್ಲಿ ಕುಡಿದ ಕಾಫಿ ಹತ್ತು ದಿನದಲ್ಲೇ ಅತ್ಯಂತ ಕೆಟ್ಟ ಕಾಫಿ. ಮೂವರೂ ಎರಡೆರಡು ಲೋಟ ಕುಡಿದೆವು. ಐದಕ್ಕೆ ಮಡಿಕೇರಿ ಬಸ್. ಹುಣಸೂರು, ಪಿರಿಯಾಪಟ್ಟಣ ನಿದ್ದೆಯಲ್ಲಿ ದಾಟಿದವು. ಕುಶಾಲನಗರಕ್ಕೆ ಮುಂಚೆ ಸಿಗುವ ಕೊಪ್ಪದ ಹತ್ತಿರ ಬೆಳಕು ಹರಿದಿತ್ತು. ಕಾವೇರಿ ಸೇತುವೆ ದಾಟುವಾಗ ಅತ್ತೆ ಎಂದಿನಂತೆ ಕಿಟಕಿಯಿಂದಲೇ ಕೈ ಮುಗಿದರು. ಕುಶಾಲನಗರದಲ್ಲಿ ಅರ್ಧ ಬಸ್ ಖಾಲಿಯಾಯಿತು. ಆನೆಕಾಡಿನಲ್ಲಿ ಬಸ್ ನಿಂತಿತು. ಮುಂದೆ ರಸ್ತೆ ಮೇಲೆ ಆನೆಯ ಹಸಿ ಲದ್ದಿ, ಮುರಿದ ಬಿದಿರು. ಡ್ರೈವರ್ ಎರಡು ನಿಮಿಷ ಕಾದು ಹಾರ್ನ್ ಹೊಡೆಯದೆ ಮೆಲ್ಲಗೆ ಮುಂದೆ ಬಿಟ್ಟರು. ಯಾರೂ ಫೋನ್ ತೆಗೆಯಲಿಲ್ಲ, ಎಲ್ಲರೂ ಊರಿನವರೇ.

ಕಾಡು ಮುಗಿದು ತೋಟ ಶುರುವಾಗುವ ತಿರುವಿನಲ್ಲಿ ಇವರು ಗಾಜು ಸರಿಸಿದರು. ಮೊದಲು ಬಂದದ್ದು ವಾಸನೆ. ಮಲ್ಲಿಗೆಗೆ ಹತ್ತಿರ, ಆದರೆ ಮಲ್ಲಿಗೆ ಅಲ್ಲ. ಆಮೇಲೆ ಕಂಡಿತು. ಬೇಲಿಯಾಚೆ ರೆಂಬೆ ರೆಂಬೆಯ ಉದ್ದಕ್ಕೂ ಬಿಳಿ, ಮೇಲೆ ಜೇನಿನ ಗುಂಯ್ ಸದ್ದು. ವಿಯೆಟ್ನಾಂನಲ್ಲಿ ತೋಟ ನೋಡಿದಾಗ ನೆರಳಿನ ಮರವೇ ಇಲ್ಲವಲ್ಲ, ಬಿಸಿಲಿಗೆ ಬಿಟ್ಟು ಬೆಳೆಸುತ್ತಾರಲ್ಲ, ಎಕರೆಗೆ ಅಷ್ಟೊಂದು ಇಳುವರಿ ತೆಗೀತಾರಲ್ಲ ಅಂತ ಹೊಟ್ಟೆಯುರಿದುಕೊಂಡಿದ್ದವರು ಈಗ ಏನೂ ಮಾತಾಡಲಿಲ್ಲ. ಬಸ್ಸಿನಲ್ಲಿದ್ದ ಒಬ್ಬರು ಹಿಂದಿನಿಂದ "ನಿಮ್ಮ ಕಡೆ ಎಷ್ಟು ಇಂಚು?" ಎಂದರು. "ಒಂದು ಹತ್ತು" ಎಂದರು ಇವರು, ತಾವೇ ನಿಂತು ಅಳೆದವರ ಹಾಗೆ.

ಏಳೂಮುಕ್ಕಾಲಿಗೆ ಮನೆ. ಅಂಗಳದಲ್ಲಿ ಪೆಟ್ಟಿಗೆ ಬಿಟ್ಟು, ಶೂ ಕೂಡ ಬಿಚ್ಚದೆ ಇವರು ತೋಟಕ್ಕೆ ಇಳಿದರು. ಅತ್ತೆ ಸ್ವೆಟರ್ ಎರಡನ್ನೂ ಕಳಚಿ ಒಲೆ ಹಚ್ಚಿದರು. ನಾನು ಮಲಗಿದೆ.

ಆ ದಿನಕ್ಕೂ ಮರುದಿನಕ್ಕೂ ಬೇರೆ ಯಾವ ಕೆಲಸವನ್ನೂ ಇಟ್ಟುಕೊಂಡಿರಲಿಲ್ಲ, ನೀವೂ ಇಟ್ಟುಕೊಳ್ಳಬೇಡಿ. ನಮ್ಮ ಪೆಟ್ಟಿಗೆಗಳು ಜಗಲಿಯಲ್ಲೇ ಇದ್ದವು. ನಾಲ್ಕನೇ ದಿನ ಹೂ ಕಂದು ಬಣ್ಣಕ್ಕೆ ತಿರುಗಿತು. ಅವತ್ತು ಬಿಚ್ಚಿದೆವು.